ಬಸ್ಸು ಕಾಣುವ ಕಿಟಕಿ

ಎಪ್ಪತ್ತರ ದಶಕದ ಕೊನೆಯಲ್ಲಿ ತೀರ್ಥಹಳ್ಳಿಯಲ್ಲಿ ಬಸ್ಸು ಹಿಡಿಯುವುದು ಹುಡುಗಾಟದ ಮಾತಾಗಿರಲಿಲ್ಲ. ಬೋರ್ಡಿನಲ್ಲಿ ಬರೆದ ಹೊತ್ತಿಗೂ ಬಸ್ಸು ಬರುವ ಹೊತ್ತಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಒಂದು ದಿನ ಬೇಗ ಬಂದು ಯಾರನ್ನೂ ಕೇಳದೆ ಹೋಗಿಬಿಡುತ್ತಿತ್ತು. ಇನ್ನೊಂದು ದಿನ ತಿಂದ ಅವಲಕ್ಕಿ ಕರಗಿ ಮತ್ತೆ ಹಸಿವಾದರೂ ಅದರ ಸುಳಿವಿರುತ್ತಿರಲಿಲ್ಲ. ಆಫೀಸಿನ ಗುಮಾಸ್ತರು, ಹಳ್ಳಿ ಶಾಲೆಗಳಿಗೆ ಹೋಗಿಬರುವ ಮೇಷ್ಟ್ರುಗಳು, ಆಸ್ಪತ್ರೆಯ ನರ್ಸಮ್ಮಂದಿರು ಎಲ್ಲರೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಲು ಊದಿಸಿಕೊಳ್ಳುತ್ತಿದ್ದರು. ಆಮೇಲೆ ಹೂವಪ್ಪ ಬಟ್ಟೆ ನೇತುಹಾಕಲು ಶುರುಮಾಡಿದ.

ಹೂವಪ್ಪ ಟೈಲರ್. ಪೇಟೆ ಬೀದಿಯಲ್ಲಿ ಮಂಜುನಾಥಪ್ಪನ ಹೋಟೆಲಿನ ಮೇಲಿನ ಮಹಡಿಯಲ್ಲಿ ಅವನ ಅಂಗಡಿ. ಕೋಣೆ ಕಿರಿದಾದರೂ ಕಿಟಕಿ ಎರಡು. ಒಂದರಲ್ಲಿ ತುಂಗಾ ಸೇತುವೆ ಈ ತುದಿಯಿಂದ ಆ ತುದಿಯವರೆಗೂ ಕಾಣುತ್ತಿತ್ತು. ಇನ್ನೊಂದರಲ್ಲಿ ಊರಿನ ಮೇಲಿನ ರಸ್ತೆ. ಯಾವ ಬಸ್ಸೂ ಅವನ ಕಣ್ಣು ತಪ್ಪಿಸಿ ಊರೊಳಗೆ ಬರುವ ಹಾಗಿರಲಿಲ್ಲ. ಇಡೀ ದಿನ ಮಿಷನ್ ತುಳಿಯುವ ಮನುಷ್ಯ, ತಲೆ ಎತ್ತಿದರೆ ಬಸ್ಸು, ತಗ್ಗಿಸಿದರೆ ರವಿಕೆ. ಮೂತಿ ನೋಡಿದರೆ ಸಾಕು, ಇದು ಶಿವಮೊಗ್ಗದ್ದು, ಇದು ಕೊಪ್ಪದ್ದು ಎಂದು ಹೇಳಿಬಿಡುತ್ತಿದ್ದ.

ಮೊದಲು ಬಟ್ಟೆ ಹಾಕಿದ್ದು ತಾಯಿ ವೆಂಕಮ್ಮನಿಗಾಗಿ. ಅವಳಿಗೆ ಮಂಡಿನೋವು. ತಂಗಿಯ ಮನೆಗೆ ಹೋಗುವ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಲಾರದೆ ಸಂಕಟಪಡುತ್ತಿದ್ದಳು. "ನೀನು ಮನೆ ಜಗಲಿ ಮೇಲೇ ಕೂತಿರು ಅಬ್ಬೆ. ನಾನು ಕಿಟಕಿಗೆ ಕೆಂಪು ಬಟ್ಟೆ ಹಾಕ್ತೀನಿ. ಅದು ಕಂಡ್ಮೇಲೆ ಎದ್ದು ಹೊರಡು" ಎಂದ. ಅಷ್ಟೇ. ಅಕ್ಕಪಕ್ಕದವರಿಗೆ ಕಣ್ಣಿಲ್ಲವೇ? ವಾರ ಕಳೆಯುವುದರೊಳಗೆ ಬೀದಿಗೆ ಬೀದಿಯೇ ಆ ಕಿಟಕಿ ನೋಡತೊಡಗಿತು. ಆಮೇಲೆ ಕೊಪ್ಪದವರು ಕೇಳಿದರು, ಆಗುಂಬೆಯವರು ಕೇಳಿದರು, ಕೋಣಂದೂರಿನವರು ಜಗಳವನ್ನೇ ತೆಗೆದರು. ಟೈಲರಿಗೆ ಬಣ್ಣಕ್ಕೇನು ಬರ? ಶಿವಮೊಗ್ಗಕ್ಕೆ ಕೆಂಪು, ಆಗುಂಬೆಗೆ ಚೌಕಳಿ, ಕೋಣಂದೂರು ಮೇಲೆ ಸಾಗರಕ್ಕೆ ಹೋಗುವ ಬಸ್ಸಿಗೆ ಹಸಿರು. ಕೊಪ್ಪಕ್ಕೆ ಬಿಳಿ ಎಂದು ಮಾಡಿದ್ದ. ಕೆಳಗಿನ ಹೋಟೆಲಿನ ಮಂಜುನಾಥಪ್ಪ, "ಬೆಳಿಗ್ಗೆ ಎದ್ದು ಬೋಣಿ ಹೊತ್ತಿಗೆ ನನ್ನ ನೆತ್ತಿ ಮೇಲೆ ಬಿಳಿ ಬಟ್ಟೆ ಆಡಿಸ್ತೀಯಲ್ಲ, ನಾನಿನ್ನೂ ಬದುಕಿದೀನಿ ಮಾರಾಯ" ಎಂದು ಕೂಗಾಡಿದ ಮೇಲೆ ಅದು ಹಳದಿಯಾಯಿತು. ಬಟ್ಟೆಗೆ ಗಂಟು ಬಿದ್ದಿದ್ದರೆ ಬಸ್ಸು ಭರ್ತಿ, ಬಾಗಿಲಲ್ಲಿ ಜನ ಜೋತಾಡುತ್ತಿದ್ದಾರೆ ಎಂದರ್ಥ. ಅಂಥ ದಿನ ಗುಮಾಸ್ತರು ಇನ್ನೊಂದು ಲೋಟ ಕಾಫಿ ಕುಡಿದು ಮುಂದಿನ ಬಸ್ಸಿಗೆ ಹೊರಡುತ್ತಿದ್ದರು. "ಕೆಂಪು ಬಿತ್ತಾ?" "ಹಳದಿ ಬಿತ್ತು, ಗಂಟಿದೆ." ಊರಿನಲ್ಲಿ ಬೆಳಗಿನ ಮಾತುಕತೆಯೇ ಇದಾಯಿತು. ಬಸ್ ಸ್ಟ್ಯಾಂಡಿನ ಏಜೆಂಟ್ ಜಟ್ಟಪ್ಪನಿಗೆ ಮಾತ್ರ ಹೊಟ್ಟೆಯುರಿ. ಬಸ್ಸು ಎಲ್ಲಿದೆ ಎಂದು ಜನ ತನ್ನನ್ನು ಕೇಳುವುದು ಬಿಟ್ಟು ಆಕಾಶ ನೋಡುತ್ತಾರಲ್ಲ ಎಂದು.

ಹೂವಪ್ಪನಿಗೆ ಇದರಿಂದ ಏನು ಸಿಕ್ಕಿತು ಎಂದು ಕೇಳಬೇಡಿ. ಮನುಷ್ಯನಿಗೆ ತಾನು ನಾಲ್ಕು ಜನಕ್ಕೆ ಬೇಕಾದವನು ಎನ್ನುವುದಕ್ಕಿಂತ ಇನ್ನೇನು ಬೇಕು? ಅವನು ಸುಖವಾಗಿದ್ದ. ಮದುವೆ ಒಂದು ಆಗಿರಲಿಲ್ಲ. ವೆಂಕಮ್ಮ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತ, ಕಾಜಾ ಮಾಡುತ್ತ ಆ ಮಾತನ್ನು ದಿನಕ್ಕೊಮ್ಮೆ ಎತ್ತುತ್ತಿದ್ದಳು. ಅವನು ಕೇಳಿಸದವನಂತೆ ಮಿಷನ್ ಜೋರಾಗಿ ತುಳಿಯುತ್ತಿದ್ದ.

ಈಗ ಹಸಿರು ಬಟ್ಟೆಯ ವಿಷಯಕ್ಕೆ ಬರೋಣ. ಸೊಪ್ಪುಗುಡ್ಡೆಯ ಏರಿನಲ್ಲಿ ಒಂದು ಬಾಡಿಗೆ ಮನೆ. ಅದರಲ್ಲಿ ವರದಮ್ಮ ಟೀಚರ್. ಊರು ಸಾಗರ. ಅಪ್ಪ ಅಮ್ಮ ಇಲ್ಲ, ಅಣ್ಣ ಗಿರಿಯಪ್ಪ ಅಲ್ಲೇ ಇದ್ದ. ಇವಳು ಕೋಣಂದೂರಿನ ದಾರಿಯ ಒಂದು ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅವಳ ಹಿತ್ತಿಲಿಂದ ಹೂವಪ್ಪನ ಕಿಟಕಿ ಕಾಣುತ್ತಿತ್ತು, ಹೂವಪ್ಪನ ಕಿಟಕಿಯಿಂದ ಆ ಹಿತ್ತಿಲೂ ಕಾಣುತ್ತಿತ್ತು. ಬೆಳಿಗ್ಗೆ ಅವಳು ಅಲ್ಲಿ ನಿಂತು ಜಡೆ ಹಾಕಿಕೊಳ್ಳುವಳು. ಹಸಿರು ಬಿದ್ದ ಕೂಡಲೇ ಚೀಲ, ಕೊಡೆ ತೆಗೆದುಕೊಂಡು ಇಳಿಜಾರಿನಲ್ಲಿ ಬರುವಳು. ಉಳಿದ ಬಸ್ಸುಗಳಿಗೆ ಹೂವಪ್ಪ ಬಸ್ಸು ಕಣ್ಣಿಗೆ ಬಿದ್ದ ಮೇಲೆ ಬಟ್ಟೆ ಹಾಕುತ್ತಿದ್ದ. ಸಾಗರದ ಬಸ್ಸಿಗೆ ಮಾತ್ರ ಸೇತುವೆಯಾಚೆ ಹಾರನ್ ಕೇಳಿದರೇ ಸಾಕು, ಹಸಿರು ಹೊರಗೆ. ಅವಳು ಓಡಬಾರದು, ಅಷ್ಟೇ. ಅವನಿಗೆ ಅವಳೆಂದರೆ ಪ್ರಾಣ. ಅದನ್ನು ಅವನು ತನಗೇ ಹೇಳಿಕೊಂಡಿರಲಿಲ್ಲ, ಆ ಮಾತು ಬೇರೆ.

ವೆಂಕಮ್ಮ ಒಂದು ವಿಷಯ ಗಮನಿಸಿದ್ದಳು. ರವಿಕೆ ಹೊಲಿಸಲು ಬರುವ ಹೆಂಗಸರೆಲ್ಲ ಮಗನನ್ನು "ಹೂವಪ್ಪಣ್ಣ" ಎನ್ನುತ್ತಿದ್ದರು. ಅಜ್ಜಿಯರೂ ಅಣ್ಣ ಎಂದೇ ಕರೆಯುತ್ತಿದ್ದರು. ವರದಮ್ಮ ಟೀಚರ್ ಮಾತ್ರ ಇಷ್ಟು ವರ್ಷವಾದರೂ ಒಮ್ಮೆಯೂ ಆ 'ಅಣ್ಣ' ಸೇರಿಸಿರಲಿಲ್ಲ. "ಹೂವಪ್ಪನೋರೇ" ಎನ್ನುತ್ತಿದ್ದಳು. ನಮ್ಮ ಪೈಕಿಯ ಹುಡುಗಿಯೇ, ಕೇಳಿದರೆ ತಪ್ಪೇನು ಎಂದು ವೆಂಕಮ್ಮ ಎರಡು ಸಲ ಹೇಳಿ ನೋಡಿದಳು. "ಅವರು ಓದಿದೋರು ಅಬ್ಬೆ, ಸರ್ಕಾರಿ ಕೆಲಸದೋರು. ಸುಮ್ನಿರು" ಎಂದು ಮಗ ಬಾಯಿ ಮುಚ್ಚಿಸಿದ.

ಆ ವರ್ಷ ವರದಮ್ಮನಿಗೆ ಸಾಗರದ ಹತ್ತಿರ ಕೆಳದಿಯ ಶಾಲೆಗೆ ವರ್ಗವಾಯಿತು. ಅಣ್ಣ ಓಡಾಡಿ ಮಾಡಿಸಿದ್ದ. ಹೊರಡುವ ಬೆಳಿಗ್ಗೆ ಅವಳು ಟ್ರಂಕನ್ನು ಕೆಳಗೆ ಹೋಟೆಲಿನಲ್ಲಿಟ್ಟು, ಹೊಲಿಯಲು ಕೊಟ್ಟಿದ್ದ ರವಿಕೆ ತೆಗೆದುಕೊಳ್ಳಲು ಮೆಟ್ಟಿಲು ಹತ್ತಿ ಬಂದಳು. ರವಿಕೆ ಕೈಗೆ ಬಂತು. ಆದರೂ ಹೊರಡಲಿಲ್ಲ. ಮಡಿಸಿದ್ದನ್ನು ಬಿಚ್ಚಿ, ಮತ್ತೆ ಮಡಿಸಿ, "ಈ ಭಾನುವಾರ ಕಾರ್ಗಲ್ಲಿನವರು ನನ್ನ ನೋಡೋಕೆ ಬರ್ತಾರಂತೆ. ಹುಡುಗ ಪವರ್ ಹೌಸಲ್ಲಿ ಕೆಲಸದಲ್ಲಿದಾನಂತೆ. ಅಣ್ಣ ಹೆಚ್ಚುಕಡಿಮೆ ಒಪ್ಪಿಬಿಟ್ಟಿದಾನೆ" ಎಂದಳು.

ಹೂವಪ್ಪನ ಕತ್ತರಿ ಬಟ್ಟೆಯ ಗೆರೆ ತಪ್ಪಿತು. ಬಾಯಿ ಮಾತ್ರ, "ಒಳ್ಳೇದಾಯ್ತಲ್ಲ ಟೀಚರೇ" ಎಂದಿತು. ಮುಖ ತೋರಿಸಲಾರದೆ ಕಿಟಕಿಯ ಕಡೆ ತಿರುಗಿ ನಿಂತ.

ಅವಳು ರವಿಕೆಯನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ, "ಹಂಗಾರೆ ಹೂವಪ್ಪನೋರೇ, ನಾನು ಬರ್ಲಾ?" ಎಂದಳು.

ನಮ್ಮ ಕಡೆ ಹೊರಡುವಾಗ ಯಾರೂ 'ಹೋಗ್ತೀನಿ' ಎನ್ನುವುದಿಲ್ಲ. ಹಾಗೆ ಅಂದರೆ ಕೆಡುಕು. ಹೋಗುವವರೂ 'ಬರ್ತೀನಿ' ಎಂದೇ ಹೋಗಬೇಕು, 'ಬರ್ಲಾ?' ಎಂದೇ ಅಪ್ಪಣೆ ಕೇಳಬೇಕು. ಇದ್ದವರು 'ಹೋಗ್ಬನ್ನಿ' ಎನ್ನಬೇಕು. ಅಷ್ಟರಲ್ಲಿ ಸೇತುವೆಯಾಚೆ ಹಾರನ್ ಕೇಳಿತು. ಹೂವಪ್ಪನ ಕೈ ತಾನಾಗಿ ಹಸಿರು ಬಟ್ಟೆಗೆ ಹೋಯಿತು. "ಬಸ್ ಬಂತು ನೋಡಿ ಟೀಚರೇ, ಬೇಗ ಹೋಗ್ಬನ್ನಿ, ಸೀಟು ಸಿಗ್ತದೆ" ಎಂದ, ಅವಳ ಕಡೆ ತಿರುಗದೆಯೇ.

ಅವಳು ನಿಧಾನಕ್ಕೆ ಮೆಟ್ಟಿಲಿಳಿದು ಹೋದಳು. ಬಸ್ಸೂ ಹೋಯಿತು. ಹೂವಪ್ಪ ಬಟ್ಟೆ ಒಳಗೆಳೆದುಕೊಂಡು ಮಿಷನ್ನಿನ ಮುಂದೆ ಕೂತ. ಮೂಲೆಯಿಂದ ವೆಂಕಮ್ಮನ ದನಿ ಬಂತು.

"ಅಲ್ವೋ ಮಾರಾಯ, ನಿನ್ನ ತಲೇಲಿ ಎಂಥ ತುಂಬ್ಕೊಂಡಿದೀಯಾ?"

"ಯಾಕೆ, ಎಂಥಾಯ್ತು?"

"ಆ ಹುಡುಗಿ ಬರ್ಲಾ ಅಂತ ಕೇಳ್ತು. ನೀನು ಹೋಗ್ಬನ್ನಿ ಅಂದ್ಯಲ್ಲೋ!"

"ಹೊರಡೋರು ಎಲ್ರೂ ಹಂಗೇ ಕೇಳ್ತಾರಪ್ಪ."

"ಹೊರಡೋರು ಹೊಸ್ತಿಲು ದಾಟ್ತಾ ಕೇಳ್ತಾರೆ. ಇದು ಕೋಣೆ ನಡುವೆ ನಿಂತು ಕೇಳ್ತು. ಕೇಳಿ ನಿನ್ನ ಬೆನ್ನು ನೋಡ್ತಾ ಕಾಯ್ತು. ಹೊರಡೋ ಅಪ್ಪಣೆಗೆ ಯಾರಾದ್ರೂ ಅಷ್ಟು ಹೊತ್ತು ಕಾಯ್ತಾರಾ? ಕಾರ್ಗಲ್ಲಿನವರ ಸುದ್ದಿ ಹೇಳಿ, 'ಹಂಗಾರೆ ನಾನು ಬರ್ಲಾ' ಅಂತು. ನಾನು! ಹೆಣ್ಣುಮಗಳು ಇನ್ನೇನು ತಮಟೆ ಹೊಡೆದು ಕೇಳ್ಬೇಕಿತ್ತಾ? ನೀನು ಸೀಟು ಸಿಗ್ತದೆ ಅಂತೀಯ. ಥೂ ನಿನ್ನ!"

ಹೂವಪ್ಪ ಕತ್ತರಿ ಕೆಳಗಿಟ್ಟ. ಆ ಮಾತು ಎರಡು ಥರವೂ ಆಗುತ್ತಿತ್ತು. ಒಂದು ಥರದಲ್ಲಿ ಅವಳು ವಿದಾಯ ಹೇಳಿ ಹೋಗಿದ್ದಳು. ಇನ್ನೊಂದು ಥರದಲ್ಲಿ ನಿಮ್ಮ ಮನೆಗೆ ಬರಲೇ ಎಂದು ಕೇಳಿದ್ದಳು, ಇವನು ಅವಳನ್ನು ಬಸ್ಸು ಹತ್ತಿಸಿ ಕಳಿಸಿದ್ದ. ಯಾವುದು ಎಂದು ತಿಳಿಯುವುದು ಹೇಗೆ? ದನಿ ಜ್ಞಾಪಿಸಿಕೊಳ್ಳಲು ನೋಡಿದ. ಜ್ಞಾಪಕಕ್ಕೆ ಬಂದದ್ದು ದರಿದ್ರ ಹಾರನ್ ಮಾತ್ರ. ಮರುದಿನ ಗುಮಾಸ್ತರೊಬ್ಬರ ಪ್ಯಾಂಟಿಗೆ ರವಿಕೆಯ ಹುಕ್ಕು ಹಚ್ಚಿಟ್ಟ. ಅದರ ಮರುದಿನ ಕೊಪ್ಪದ ಬಸ್ಸಿಗೆ ಚೌಕಳಿ ಹಾಕಿ, ಆಗುಂಬೆಗೆ ಹೋಗುವವರನ್ನೆಲ್ಲ ಊಟದ ಎಲೆಯಿಂದ ಎಬ್ಬಿಸಿದ. ಸಂಜೆ ವೆಂಕಮ್ಮ ಖಡಾಖಂಡಿತವಾಗಿ ಹೇಳಿದಳು: "ನಾಳೆ ಶನಿವಾರ. ಭಾನುವಾರದೊಳಗೆ ಹೋಗಿ ಕೇಳ್ಕೊಂಡು ಬಾ. ಅಲ್ಲ ಅಂದ್ರೆ ಅಲ್ಲ. ನಿನ್ನ ಮೂಗೇನು ಉದುರಲ್ಲ."

ಶನಿವಾರ ಬೆಳಿಗ್ಗೆ ಹೂವಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಅಲ್ಲಿ ನಿಂತ ಮೇಲೆ ಗೊತ್ತಾಯಿತು, ಬಸ್ಸು ಎಲ್ಲಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಜನರೆಲ್ಲ ಕಿಟಕಿಯ ಕಡೆ ನೋಡುತ್ತಿದ್ದರು. ಕಿಟಕಿಯವನು ಇಲ್ಲೇ ನಿಂತಿದ್ದ! ತಡೆಯಲಾರದೆ ಮತ್ತೆ ಓಡಿ ಮಹಡಿ ಹತ್ತಿದ. ಬಸ್ಸು ಆಗಷ್ಟೇ ಸೇತುವೆಗೆ ಬರುತ್ತಿತ್ತು. ಅಭ್ಯಾಸಬಲ, ನೋಡಿ. ಹಸಿರು ಬಟ್ಟೆ ನೇತುಹಾಕಿಯೇಬಿಟ್ಟ. ಊರಿಗೆ ಊರೇ ಮನೆಗಳಿಂದ ಹೊರಬಿದ್ದು ಬಸ್ ಸ್ಟ್ಯಾಂಡಿಗೆ ನುಗ್ಗಿತು. ಇವನು ಬೀಗ ಹಾಕಿ, ಮೆಟ್ಟಿಲಿಳಿದು, ಹೋಟೆಲಿನವನಿಗೆ ಎರಡು ಮಾತು ಹೇಳಿ ಬರುವಷ್ಟರಲ್ಲಿ ಬಸ್ಸು ತುಂಬಿ, ಬಾಗಿಲಲ್ಲೂ ಜಾಗವಿಲ್ಲದೆ ಹೊರಟುಹೋಯಿತು.

ಜಟ್ಟಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಗಂಟು ಹಾಕೋದು ಮರ್ತ್ಯಾ ಹೂವಪ್ಪಣ್ಣ?" ಎಂದ. ಆದರೂ ಮನುಷ್ಯ ಕೆಟ್ಟವನಲ್ಲ. ಹೂವಪ್ಪನ ಮುಖ ನೋಡಿ ನಗು ನಿಲ್ಲಿಸಿದ. ಮುಂದಿನ ಬಸ್ಸು ಬಂದಾಗ ಕಂಡಕ್ಟರಿಗೆ ಹೇಳಿ ಮುಂದಿನ ಸೀಟಿನಲ್ಲೇ ಕೂರಿಸಿದ. "ಈಗ ಇಳೀಬೇಡ ಮತ್ತೆ, ನಿನ್ನ ದಮ್ಮಯ್ಯ" ಎಂದು ಬಾಗಿಲು ಹಾಕಿದ.

ಆ ಬಸ್ಸೋ, ಕೈ ಅಡ್ಡ ಹಿಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತ, ರಿಪ್ಪನ್‌ಪೇಟೆಯಲ್ಲಿ ಊಟಕ್ಕೆ ನಿಂತು, ಸಾಗರ ಮುಟ್ಟುವ ಹೊತ್ತಿಗೆ ಹೂವಪ್ಪನ ಧೈರ್ಯವೆಲ್ಲ ಬೆವರಾಗಿ ಹೋಗಿತ್ತು. ಶನಿವಾರ ಶಾಲೆ ಬೆಳಿಗ್ಗೆ ಮಾತ್ರ. ಅವಳು ಈಗಾಗಲೇ ಅಣ್ಣನ ಮನೆಗೆ ಹೋಗಿಬಿಟ್ಟಿರುತ್ತಾಳೆ. ಆ ಮನೆ ಎಲ್ಲಿ ಎಂದು ಇವನಿಗೆ ಗೊತ್ತಿಲ್ಲ. ಗೊತ್ತಿದ್ದರೂ, ನಾಳೆ ಗಂಡಿನವರು ಬರುವ ಮನೆಗೆ ಇವತ್ತು ಟೈಲರ್ ಹೋಗಿ ಏನೆಂದು ಹೇಳುವುದು? ಸುಮ್ಮನೆ ಶಾಲೆಯನ್ನಾದರೂ ನೋಡಿ ಬರೋಣ ಎಂದು ಸಾಮಾನಿನ ಲಾರಿಯೊಂದನ್ನು ಹತ್ತಿ ಕೆಳದಿಗೆ ಹೋದ.

ಶಾಲೆಗೆ ಬೀಗ ಬಿದ್ದಿತ್ತು. ರಸ್ತೆ ಬದಿಯ ಮರದ ಕೆಳಗೆ, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, ಬಿಸಿಲಿಗೆ ಕೆಂಪಾದ ಮುಖ ಮಾಡಿಕೊಂಡು ವರದಮ್ಮ ಕೂತಿದ್ದಳು. ಸಾಗರಕ್ಕೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ! ಬಸ್ಸು ತಡವಾದದ್ದಕ್ಕೆ ಹೂವಪ್ಪ ಹುಟ್ಟಿದ ಮೇಲೆ ಮೊದಲ ಸಲ ದೇವರಿಗೆ ಕೈಮುಗಿದ.

ಅವಳು ಇವನನ್ನು ನೋಡಿ ಎದ್ದು ನಿಂತಳು. ಬೆರಗಾಯಿತು, ಆದರೆ ಬಾಯಿಗೆ ಬಂದದ್ದು ಸಿಟ್ಟು. "ಶಾಲೆ ಬಿಟ್ಟಾಗಿಂದ ಕೂತಿದೀನಿ. ಇಲ್ಲಿ ಬಟ್ಟೆ ಹಾಕೋರು ಯಾರಿದಾರೆ?" ಎಂದಳು.

ಹೂವಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಉದುರಿಹೋಗಿತ್ತು. "ಅವತ್ತು ನೀವು ಒಂದು ಮಾತು ಕೇಳಿದ್ರಿ. ನಾನು ಕಿಟಕಿ ಕಡೆ ನೋಡ್ತಾ ಉತ್ತರ ತಪ್ಪಾಗಿ ಹೇಳ್ಬಿಟ್ಟೆ."

"ಏನು ಕೇಳಿದ್ದೆ?"

"ಬರ್ಲಾ ಅಂತ."

"ಹೊರಡೋವಾಗ ಎಲ್ರೂ ಕೇಳ್ತಾರೆ" ಎಂದಳು ವರದಮ್ಮ. ಮುಖದಲ್ಲಿ ಏನೂ ತೋರಗೊಡಲಿಲ್ಲ. ಅಷ್ಟು ದೂರ ಕಳಿಸಿದವನಿಗೆ ಇಷ್ಟಾದರೂ ಶಿಕ್ಷೆ ಬೇಡವೇ?

ಹೂವಪ್ಪ ಒಂದು ಹೆಜ್ಜೆ ಮುಂದೆ ಬಂದ. ಇಷ್ಟಾದ ಮೇಲೆ ಇನ್ನೇನು ಉಳಿದಿದೆ ಎಂದು, "ಹಂಗಾದ್ರೆ ನಾನೇ ಕೇಳ್ತೀನಿ. ನನಗೆ ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಟೀಚರೇ. ಈ ಮೂರು ದಿನದಲ್ಲಿ ಒಂದು ರವಿಕೆ ನೆಟ್ಟಗೆ ಹೊಲೀಲಿಲ್ಲ. ನೀವು ನಮ್ಮನೆಗೆ ಬನ್ನಿ" ಎಂದುಬಿಟ್ಟ.

ವರದಮ್ಮನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡಳು. "ಈಗ ನಾನು ಬರೋ ಹಾಗಿಲ್ಲವಲ್ಲ. ವರ್ಗ ಆಗಿ ವಾರವೂ ಆಗಿಲ್ಲ, ಇನ್ನು ವರ್ಷಗಟ್ಟಲೆ ಇಲ್ಲಿಂದ ಅಲ್ಲಾಡಿಸಲ್ಲ. ಕೆಲಸ ನಾನು ಬಿಡಲ್ಲ. ನೀವು ಬರ್ತೀರಾ?"

ಹೂವಪ್ಪನ ಕಣ್ಣೆದುರು ತನ್ನ ಎರಡು ಕಿಟಕಿಗಳು ಬಂದವು. ಸೇತುವೆ ಬಂತು, ಬೆಳಗಾದರೆ ಮೇಲೆ ನೋಡುವ ಮುಖಗಳು ಬಂದವು. ಅಲ್ಲಿ ಅವನು ಊರಿಗೇ ಬೇಕಾದವನು. ಇಲ್ಲಿ ಅವನನ್ನು ಯಾರು ಬಲ್ಲರು? ಎದುರಿಗೆ ಅವಳು ಕಾಯುತ್ತ ನಿಂತಿದ್ದಳು, ಈ ಸಲ ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಬರ್ತೀನಿ" ಎಂದ.

"ಹೊರಡೋ ಬರ್ತೀನಿಯೋ, ಬರೋ ಬರ್ತೀನಿಯೋ?"

"ಬರೋದೇ, ಬರೋದೇ!" ಎಂದು ಅವನು ಗಾಬರಿಯಿಂದ ಕೂಗಿದ್ದಕ್ಕೆ ಮರದ ಮೇಲಿದ್ದ ಕಾಗೆ ಹಾರಿಹೋಯಿತು. ವರದಮ್ಮ ಅಳುತ್ತಲೇ ನಕ್ಕಳು.

ಆ ರಾತ್ರಿಯೇ ಅವಳು ಅಣ್ಣನಿಗೆ ಹೇಳಿದಳು. ಗಿರಿಯಪ್ಪ ಹಾರಾಡಿದ, ಪವರ್ ಹೌಸಿನ ಹುಡುಗನನ್ನು ಬಿಟ್ಟು ಟೈಲರನೇ ಎಂದ, ಕಾರ್ಗಲ್ಲಿಗೆ ಯಾವ ಮುಖ ಇಟ್ಟುಕೊಂಡು ಹೇಳಿ ಕಳಿಸಲಿ ಎಂದ. ಮುಂದಿನ ವಾರ ವೆಂಕಮ್ಮ ಮಂಡಿನೋವು ಮರೆತು ಸಾಗರಕ್ಕೆ ಬಂದು ಅವನ ಜಗಲಿಯಲ್ಲಿ ಕೂತಳು. ಅವಳ ಬಾಯಿಯ ಮುಂದೆ ಗಿರಿಯಪ್ಪನದು ಯಾವ ಲೆಕ್ಕ? ಕಾಫಿ ತಣ್ಣಗಾಗುವುದರೊಳಗೆ ಒಪ್ಪಿದ. ಮದುವೆ ಸರಳವಾಗಿ ಆಯಿತು. ತೀರ್ಥಹಳ್ಳಿಯಿಂದ ಒಂದು ಬಸ್ಸು ತುಂಬ ಜನ ಬಂದು, ಉಂಡು, ನಮ್ಮ ಕಿಟಕಿಯವನನ್ನು ಕಸಿದುಕೊಂಡಿರಿ ಎಂದು ಮದುಮಗಳನ್ನು ಬೈದು ಹೋದರು. ಹೂವಪ್ಪನ ನಂತರ ಮಂಜುನಾಥಪ್ಪ ಕೆಲವು ದಿನ ತಾನೇ ಬಟ್ಟೆ ಹಾಕಿ ನೋಡಿದನಂತೆ. ಅವನಿಗೆ ದೂರದ ದೃಷ್ಟಿ ಮಂದ. ಮರದ ದಿಮ್ಮಿಯ ಲಾರಿಗಳಿಗೆಲ್ಲ ಕೆಂಪು ಬಿದ್ದು, ಜನ ಬೈದ ಮೇಲೆ ಬಿಟ್ಟ. ತೀರ್ಥಹಳ್ಳಿಯವರು ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲತೊಡಗಿದರು, ಜಟ್ಟಪ್ಪನಿಗೆ ಮರ್ಯಾದೆ ವಾಪಸು ಬಂತು.

ತಾಯಿಯನ್ನೂ ಕರೆದುಕೊಂಡು ಸಾಗರಕ್ಕೆ ಬಂದ ಹೂವಪ್ಪನಿಗೆ ಅಲ್ಲಿ ಸಿಕ್ಕಿದ್ದು ನೆಲಮಟ್ಟದ ಅಂಗಡಿ. ಒಂದು ಪಕ್ಕ ಪಾತ್ರೆ ಅಂಗಡಿ, ಇನ್ನೊಂದು ಪಕ್ಕ ಹಿಟ್ಟಿನ ಗಿರಣಿ, ಎದುರಿಗೆ ಅಡಿಕೆ ಮಂಡಿಯ ಗೋಡೆ. ಬಸ್ಸಿನ ಮಾತಿರಲಿ, ಆಕಾಶವೂ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು. ಮೊದಮೊದಲು ತಲೆ ಎತ್ತಿ ಗೋಡೆ ಕಂಡಾಗ ಬೇಜಾರಾಗುತ್ತಿತ್ತು. ಆಮೇಲೆ ಹೊಲಿಗೆ ನೆಟ್ಟಗಾಗುತ್ತ ಬಂತು, ಗಿರಾಕಿಗಳೂ ಹೆಚ್ಚಿದರು.

ಒಂದು ಸಂಜೆ ಕೆಳದಿಯಿಂದ ಬಸ್ಸು ಬರಲಿಲ್ಲ. ವರದಮ್ಮ ಬರುವ ಹೊತ್ತು ಮೀರಿತು. ಹೂವಪ್ಪ ಮಿಷನ್ನಿಗೆ ಬಟ್ಟೆ ಮುಚ್ಚಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ. ಬಸ್ಸು ಎಲ್ಲಿದೆ? ಹೊರಟಿದೆಯೋ, ಕೆಟ್ಟು ನಿಂತಿದೆಯೋ? ಕೇಳಿದರೆ ಯಾರಿಗೂ ತಿಳಿಯದು. ಯಾರೋ ಒಬ್ಬ, ಟೈರು ಸಿಡಿದಿದೆಯಂತೆ ಎಂದ. ಇನ್ನೊಬ್ಬ, ಇಲ್ಲ ಈಗ ಬಂತು ಎಂದ. ಪ್ರತಿ ಸದ್ದಿಗೂ, ತಿರುವಿನಲ್ಲಿ ಕಂಡ ಪ್ರತಿ ದೀಪಕ್ಕೂ ಇವನ ಕತ್ತು ಉದ್ದವಾಗುತ್ತಿತ್ತು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು, "ಯಾರಿಗೆ ಕಾಯ್ತಿದೀರಾ?" ಎಂದು ಕೇಳಿದಳು.

"ನನ್ನ ಹೆಂಡತಿಗೆ" ಎಂದ ಹೂವಪ್ಪ. ಹಾಗೆ ಹೇಳುವುದೇ ಎಷ್ಟು ಚೆನ್ನಾಗಿತ್ತೆಂದರೆ, ಆಚೆ ಪಕ್ಕದಲ್ಲಿ ಕೇಳದೇ ಇದ್ದವನಿಗೂ ಒಂದು ಸಲ ಹೇಳಿದ.

ಕಡೆಗೂ ಬಸ್ಸು ಬಂತು. ಎಲ್ಲರಿಗಿಂತ ಕೊನೆಗೆ ವರದಮ್ಮ ಇಳಿದಳು. ಸೀರೆಗೆ ಸೀಮೆಸುಣ್ಣ, ಮುಖ ಬಾಡಿತ್ತು. "ಅಯ್ಯೋ, ಎಷ್ಟು ಹೊತ್ತಿಂದ ನಿಂತಿದೀರಿ? ಮನೇಲಿರಬಾರದಿತ್ತಾ?" ಎಂದಳು.

"ಇಲ್ಲ ಮಾರಾಯ್ತಿ, ಚೆನ್ನಾಗಿತ್ತು" ಎಂದ. ಅವನ ಮುಖ ನಿಜಕ್ಕೂ ಅರಳಿತ್ತು. "ಬಸ್ಸು ಎಲ್ಲಿದೆ ಅಂತ ಗೊತ್ತಿಲ್ದೆ ನಮ್ಮೋರಿಗೆ ಕಾಯೋದ್ರಲ್ಲಿ ಇಷ್ಟು ಸುಖ ಇದೆ ಅಂತ ನನಗ್ಯಾರೂ ಹೇಳೇ ಇರ್ಲಿಲ್ಲ. ಪಾಪ, ತೀರ್ಥಹಳ್ಳಿಯವರಿಗೆ ಅಷ್ಟು ವರ್ಷ ಇದನ್ನ ತಪ್ಪಿಸಿಬಿಟ್ನಲ್ಲ ನಾನು!"

"ಬುಟ್ಟಿ ಹೊತ್ಕೊಂಡು ನಿಂತೋರನ್ನ ಕೇಳಿ, ಸುಖ ಹೇಳ್ತಾರೆ. ಮೊದ್ಲು ಈ ಚೀಲ ಹಿಡೀರಿ, ಕೈ ಬಿದ್ದುಹೋಗ್ತಿದೆ" ಎಂದಳು ವರದಮ್ಮ. ಹೂವಪ್ಪ ಚೀಲ ಇಸಿದುಕೊಂಡ. ಇಬ್ಬರೂ ಮನೆಯ ಕಡೆ ನಡೆದರು.